ಮುಂಡಪ್ಪನವರ ಕೆಮ್ಮು

ಆಟಿ ತಿಂಗಳ ಮಳೆ ವಾಮದಪದವು ಊರಿನ ಕರೆಂಟನ್ನೂ ಕೊಂಡುಹೋಗಿತ್ತು. ಒಳಕೋಣೆಯಲ್ಲಿ ಕುಲೆಗಳಿಗೆ, ಅಂದರೆ ಮನೆಯ ಸತ್ತವರಿಗೆ, ಎಲೆ ಹಾಕಿ ಕೋಳಿ-ರೊಟ್ಟಿ ಬಡಿಸಿಯಾಗಿತ್ತು. ಅವರದ್ದು ಮುಗಿಯದೆ ಬದುಕಿರುವವರಿಗೆ ಊಟವಿಲ್ಲ. ಚಾವಡಿಯಲ್ಲಿ ಪರಿಮಳ ಕುಡಿಯುತ್ತಾ ಕೂತಿದ್ದೆವು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚುತ್ತಾರೆ. ಇಲ್ಲಿ ಯಾಕಿಲ್ಲ ಎಂದು ಶಿಶಿರ್ ಕೇಳಿದ. ಅವನ ಅಜ್ಜಿ ನೀಲಾವತಿ ಕಾಲು ನೀಡಿಕೊಂಡರು.

"ಹೇಳ್ತೇನೆ, ಹೆದರಿದರೆ ನನ್ನನ್ನು ದೂರಬೇಡಿ. ನಿನ್ನ ಅಜ್ಜ ಮುಂಡಪ್ಪ ಹೋದದ್ದು ಹೇಗೆ? ಕೋಳಿ ತಿನ್ನುತ್ತಾ ನಗಾಡಿದರು, ಎಲುಬಿನ ಚೂರು ಉಸಿರಿನ ನಾಳಕ್ಕೆ ಇಳಿಯಿತು, ಕೆಮ್ಮಿದರು, ಕೆಮ್ಮಿದರು... ಪಂಕ್ತಿಯವರು ಎಂತ ಮಾಡಿದರು? ನೆತ್ತಿ ತಟ್ಟಿ, 'ಯಾರೋ ನೆನೆಸ್ತಾ ಇದ್ದಾರೆ' ಅಂದರು. ದುಬೈಯ ಮಗನಾ, ಮಡಂತ್ಯಾರಿನ ತಂಗಿಯಾ ಅಂತ ಚರ್ಚೆ ಬೇರೆ! ಚರ್ಚೆ ಮುಗಿಯುವ ಮೊದಲೇ ಉಸಿರು ಮುಗಿಯಿತು.

ಮರುವರ್ಷದ ಆಟಿಯಿಂದ ಮುಚ್ಚಿದ ಕೋಣೆಯೊಳಗೆ ಕೆಮ್ಮು. 'ಮುಂಡಪ್ಪಣ್ಣ ಬಂದರು' ಅಂತ ಎಲ್ಲರಿಗೂ ಖುಷಿ, ಕೈಮುಗಿಯುವುದು. ಒಂದು ವರ್ಷ ಹಾಗೇ ಕೈಮುಗಿದು ನಿಂತಿರುವಾಗ... ಜೀವಮಾನವಿಡೀ ಆ ಮನುಷ್ಯನ ಪಕ್ಕ ಮಲಗಿದವಳಿಗೆ ಅವರ ಕೆಮ್ಮು ಗೊತ್ತಾಗುವುದಿಲ್ಲವಾ? ಇದು ಸಣ್ಣ ಕೆಮ್ಮು. ಸುತ್ತ ನೋಡಿದರೆ ಮೈದುನನ ಮಗಳು ವಿಜೇತಾಳ ಮಗು ಇಲ್ಲ!

ಬಾಗಿಲಿಗೆ ಕೈ ಹಾಕಿದೆ. ಮೈದುನ ಅಡ್ಡ ನಿಂತ. 'ಅತ್ತಿಗೆ, ಕುಲೆಗಳು ಉಣ್ಣುವಾಗ ತೆರೆದರೆ ಶಾಪ ಉಂಟು.'

'ಕೊಡಲಿ ಮಾರಾಯ, ಬದುಕಿದ್ದಾಗ ಬೈದದ್ದಕ್ಕಿಂತ ಹೆಚ್ಚಾ?' ಅಂತ ಅವನನ್ನೂ ಬಾಗಿಲನ್ನೂ ಒಟ್ಟಿಗೇ ದೂಡಿದೆ. ಎಲೆಯ ಕಡಲೆಕಾಳು ಬಾಯಿಗೆ ಹಾಕಿಕೊಂಡು ಮಗು ನೀಲಿಯಾಗಿತ್ತು. ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದೆ, ಬಡಿದೆ... ಕಾಳು ಹಾರಿತು, ಮಗು ಅತ್ತಿತು. ವಿಜೇತಾ ಎತ್ತಿಕೊಂಡಳು, ಅಳು ನಿಂತಿತು.

ಕೆಮ್ಮು ನಿಲ್ಲಲಿಲ್ಲ...

ಬಾಗಿಲಲ್ಲಿದ್ದವರೆಲ್ಲ ಓಡಿದರು. ನಾನು ಯಾಕೆ ಓಡಲಿ, ನನ್ನ ಗಂಡ! 'ಬಗ್ಗಿ ಕೂತುಕೊಳ್ಳಿ' ಅಂತ ಗದರಿಸಿ, ಅವರ ಎಲೆಯ ಮುಂದಿನ ಖಾಲಿ ಗಾಳಿಗೆ ಬೀಸಿ ಒಂದು ಹೊಡೆದೆ. ಕೈಗೆ... ಬೆನ್ನು ಸಿಕ್ಕಿತು. ತಣ್ಣಗಿನ ಬೆನ್ನು. ಎಲೆಗೆ ಟಕ್ಕಂತ ಎಲುಬಿನ ಚೂರು ಬಿತ್ತು. ಆಮೇಲೆ ಈ ಬಾಗಿಲು ಮುಚ್ಚಲು ನಾನು ಯಾರನ್ನೂ ಬಿಟ್ಟದ್ದಿಲ್ಲ."

"ಮತ್ತೆ ಕೆಮ್ಮಲಿಲ್ಲವಾ ಅಜ್ಜಿ?" ಶಿಶಿರನ ಸ್ವರ ಸಣ್ಣದಾಗಿತ್ತು.

"ಎಂತ ಕೆಮ್ಮುವುದು? ಉಸಿರು ಸಲೀಸಾಯಿತಲ್ಲ... ಈಗ ಮಾತಾಡ್ತಾರೆ."

ಅಜ್ಜಿ ಕತ್ತಲ ಕೋಣೆಯ ಕಡೆ ಕಿವಿಗೊಟ್ಟು, ಸ್ವರ ಏರಿಸಿದರು: "ಕೇಳ್ತದೆ. ಎರಡು ತುಂಡು ಜಾಸ್ತಿ ಬೇಕಾದರೆ ತರ್ತೇನೆ. ಕರೆಯುವುದಾದರೆ ನನ್ನನ್ನು ಕರೆಯಿರಿ... ಮಕ್ಕಳ ಹೆಸರು ಹಿಡಿದು ಕರೆಯಬೇಡಿ!"