ಮೊಹರಿಲ್ಲದ ಎಚ್ಚರಿಕೆ

ನಾನು, ಊರವರೆಲ್ಲ ‘ರೇಡಿಯೋ ಅಕ್ಕ’ ಎಂದು ಕರೆಯುವವಳು, ವಯಸ್ಸು ನಲವತ್ತೆರಡು, ಸರ್ಕಾರಿ ಬಾನುಲಿ ನಿಲಯದಲ್ಲಿ ವಾರ್ತಾವಾಚಕಿ, ವಾಸ ನದಿ ದಡದ ಕೊನೆಯ ಮನೆ. ಅಂಬಿಗನಾಗಿದ್ದ ನನ್ನ ಗಂಡನ ಸಾವಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ತಲೆಯಾಡಿಸಿದರೆ ಸುದ್ದಿ ಓದಬಹುದಿತ್ತು. ಆಮೇಲೆ ಸಹಿ ಬಂತು. ಹೋದ ವರ್ಷದ ಪ್ರಸಾರ ಆದೇಶದಿಂದ ಪ್ರತಿ ಹಾಳೆಗೂ ಪರಿಶೀಲನಾಧಿಕಾರಿಯ ಮೊಹರು ಬೇಕು. ಸೀನು ಬಂದರೂ ಮೊಹರು ಹಾಕಿಸಿಕೊಂಡೇ ಸೀನಬೇಕೆಂದು ನಾವು ನಗುತ್ತಿದ್ದೆವು. ನಕ್ಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ನಿನ್ನೆ ಮಧ್ಯಾಹ್ನ ಮೂರೂವರೆಗೆ ಅಣೆಕಟ್ಟೆಯ ಎಂಜಿನಿಯರ್ ಫೋನ್ ಮಾಡಿ, ಗೇಟು ತೆರೆದಿದ್ದೇವೆ, ಮುಕ್ಕಾಲು ಗಂಟೆಯಲ್ಲಿ ನೀರು ನಿಮ್ಮಲ್ಲಿಗೆ ಬರುತ್ತದೆ, ಕೂಡಲೇ ತಿಳಿಸಿ ಎಂದರು. ನಾನು ಬರೆದುಕೊಂಡು ಅಧಿಕಾರಿಯ ಕೋಣೆಗೆ ಓಡಿದೆ. ಮೇಲಿನವರನ್ನು ಕೇಳದೆ ಮೊಹರು ಹಾಕುವಂತಿಲ್ಲವೆಂದು ಅವರು ಹಾಳೆ ಇಟ್ಟುಕೊಂಡರು. ಮೇಲಿನವರು ಫೋನ್ ಎತ್ತಲಿಲ್ಲ. ನಾನು ಸ್ಟುಡಿಯೋಗೆ ಹೋಗಿ, ಹಾಡು ನಿಲ್ಲಿಸಿ, ಹಾಳೆಯಿಲ್ಲದೆಯೇ ಶುರುಮಾಡಿದೆ. “ನದಿಯ ಎರಡೂ ದಡದ ಕೇಳುಗರ ಗಮನಕ್ಕೆ” ಎನ್ನುವಷ್ಟರಲ್ಲಿ ಪ್ರಸಾರದ ಕೆಂಪು ದೀಪ ಆರಿತು. ಮೊಹರಿಲ್ಲದ ಮಾತು ಕೇಳಿದರೆ ಸಂಪರ್ಕ ಕಡಿಯಬೇಕೆಂಬುದು ಕಂಟ್ರೋಲ್ ರೂಮಿನ ನಿಯಮ. ಕಡಿದವನ ಮೇಲೆ ನನ್ನ ದೂರಿಲ್ಲ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ನಾನು ಬಾಯಿ ತೆರೆದ ಕೂಡಲೇ ‘ನೀರಿಗಿಳಿಯಬೇಡಿ’ ಎನ್ನಬೇಕಿತ್ತು. ಕೇಳುಗರನ್ನು ಕರೆಯದೆ ವಿಷಯಕ್ಕೆ ಬರುವುದು ಹದಿನೆಂಟು ವರ್ಷ ಓದಿದ ನಾಲಿಗೆಗೆ ಗೊತ್ತಿರಲಿಲ್ಲ.

ನನ್ನ ಗಂಡ ಆಗ ಆಚೆ ದಡದಲ್ಲಿ ದೋಣಿ ಕಟ್ಟಿ ರೇಡಿಯೋ ಕೇಳುತ್ತಿದ್ದರು. ಮನೆಯಲ್ಲಿ ನನ್ನ ಮಾತು ಕಿವಿಗೆ ಹಾಕಿಕೊಳ್ಳದವರು, ರೇಡಿಯೋದಲ್ಲಿ ಬಂದರೆ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ನನ್ನ ದನಿ ನಿಂತು ಹಾಡು ಬಂದಾಗ ಅವರು ಎದ್ದುನಿಂತರೆಂದು ಪಕ್ಕದಲ್ಲಿದ್ದ ಮೀನುಗಾರ ತಿಳಿಸಿದ್ದಾನೆ.

“ಅವಳು ಮಾತು ಅರ್ಧಕ್ಕೆ ಬಿಡೋಳಲ್ಲ ಕಣೋ. ಏನೋ ಆಗಿದೆ ಅವಳಿಗೆ, ನೋಡ್ಕೊಂಡು ಬರ್ತೀನಿ” ಎಂದು ಹಗ್ಗ ಬಿಚ್ಚಿದರಂತೆ. ನಡುಹೊಳೆಯಲ್ಲಿದ್ದಾಗ ನೀರು ಬಂತು.

ಐದು ಗಂಟೆಗೆ ನನ್ನ ಹಾಳೆ ಮೊಹರು ಬಿದ್ದು ವಾಪಸ್ಸು ಬಂತು. ಒಂದಕ್ಷರವನ್ನೂ ತಿದ್ದಿರಲಿಲ್ಲ. ಬೇರೆ ವಾಚಕರಿಲ್ಲದ್ದರಿಂದ ನನಗೇ ಓದಲು ಹೇಳಿದರು. ಗಂಡನ ಸುದ್ದಿ ನನಗಿನ್ನೂ ಮುಟ್ಟಿರಲಿಲ್ಲ. ತಡವಾದರೂ ಸರಿ, ಅವರು ದಡದಲ್ಲೇ ಕೂತು ಕೇಳುತ್ತಿದ್ದಾರೆ ಎಂದುಕೊಂಡು ನಿಧಾನವಾಗಿ, ಪೂರ್ತಿಯಾಗಿ, ಎರಡು ಸಲ ಓದಿದೆ.

ಮೇಲಿನದು ನಾನೇ ಹೇಳಿ ಬರೆಸಿದ್ದು, ನನ್ನ ಅರಿವಿಗೆ ಬಂದಷ್ಟೂ ನಿಜ. ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ನದಿ ಬದಿಯ ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ
ಸಹಿ: ವಾರ್ತಾವಾಚಕಿ