ಸಿಳ್ಳೆ ಟೀಚರ್

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಸರೋವರದ ದಡದ ಬಾಡಿಗೆ ಸೈಕಲ್ ಅಂಗಡಿಯೊಳಗೆ ಎಂಟು ಹತ್ತು ಜನ ಸಿಕ್ಕಿಬಿದ್ದಿದ್ದರು. ಈಜಲು ಬಂದವರು, ದಡದ ಸುತ್ತ ಸೈಕಲ್ ತುಳಿಯಲು ಬಂದವರು, ಬೆಟ್ಟ ಹತ್ತಿ ಮೇಲಿನ ಸರೋವರ ನೋಡಲು ಹೊರಟು ಅರ್ಧ ದಾರಿಯಿಂದ ಓಡಿ ಬಂದವರು. ಒದ್ದೆ ಟವೆಲ್ಲುಗಳು ಹ್ಯಾಂಡಲ್ಲುಗಳ ಮೇಲೆ ನೇತಾಡುತ್ತಿದ್ದವು. ಸ್ಟೌವಿನ ಮೇಲೆ ಚಹಾ ಕುದಿಯುತ್ತಿತ್ತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳು ಕೂತಿದ್ದಳು. ಬಂದು ಎರಡು ದಿನವಾದರೂ ಅವಳು ಪಾದಕ್ಕಿಂತ ಮೇಲೆ ನೀರು ಮುಟ್ಟಿಸಿಕೊಂಡಿರಲಿಲ್ಲ.

"ಅಜ್ಜ, ಈ ನೀರಲ್ಲಿ ಯಾರಾದ್ರೂ ಸತ್ತಿದ್ದಾರಾ?" ಎಂದು ಅವಳು ಕೇಳಿದಳು.

ಅಂಗಡಿಯ ಪಂಕ್ಚರ್ ಅಜ್ಜ ಟ್ಯೂಬನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ನೀರಲ್ಲಿ ಯಾರೂ ಸತ್ತಿಲ್ಲಮ್ಮ. ಆದ್ರೆ ಸತ್ತೋರೊಬ್ರು ನೀರಲ್ಲಿದ್ದಾರೆ."

ಅಜ್ಜ ಟ್ಯೂಬನ್ನು ಕೆಳಗಿಟ್ಟು ಕೈ ಒರೆಸಿಕೊಂಡ.

"ಹೆದರ್ಕೋಬೇಡಿ... ಇದು ನಗೋ ಕತೆನೇ. ಆದ್ರೆ ಈಗ್ಲೇ ನಗಬೇಡಿ. ಹದಿನೆಂಟು ವರ್ಷದ ಹಿಂದಿನ ಮಾತು. ಒಂದಿನ ಬೆಳಿಗ್ಗೆ ಇದೇ ಬಾಗ್ಲಲ್ಲಿ ಇಬ್ರು ಹೆಂಗಸ್ರು ಬಂದು ನಿಂತ್ರು. ಅತ್ತೆ ಸೊಸೆ. ಅದನ್ನ ಅವರು ಹೇಳ್ಬೇಕಾಗಿರ್ಲಿಲ್ಲ, ನಿಂತಿದ್ದು ನೋಡಿದ್ರೇ ಗೊತ್ತಾಗ್ತಿತ್ತು, ಇಬ್ಬರ ನಡುವೆ ಒಂದು ಲಾರಿ ಹೋಗೋಷ್ಟು ಜಾಗ! ಹೊರಟಿದ್ದು ಮೂರು ಜನ. ಹಿಂದಿನ ದಿನ ಮಗನಿಗೆ ಮಂಗನಬಾವು ಬಂತು. ಮೂವತ್ತೆರಡು ವರ್ಷದ ಗಂಡಸು, ಎರಡು ಕೆನ್ನೆನೂ ಬನ್ನಿನ ಹಾಗೆ ಊದಿಸ್ಕೊಂಡು, 'ನನ್ನ ಅಕ್ಕ ನೋಡ್ಕೋತಾಳೆ, ನೀವಿಬ್ರೂ ಹೋಗಿ ಬನ್ನಿ' ಅಂತ ಕಳಿಸಿಬಿಟ್ಟ. ಆ ಮಂಗನಬಾವಿನಷ್ಟು ನೆಮ್ಮದಿ ಅವನಿಗೆ ಜೀವನದಲ್ಲೇ ಸಿಕ್ಕಿರ್ಲಿಲ್ಲ ಅನ್ಸುತ್ತೆ.

"ಯಾಕಂದ್ರೆ ಅತ್ತೆ ಸೊಸೆ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಜಗಳ ಯಾತಕ್ಕೆ? ಒಂದು ಕಿಟಕಿಗೆ! ಸೊಸೆ ಟೈಲರು. ಮನೇಲಿ ಒಳ್ಳೆ ಬೆಳಕು ಬರೋದು ಒಂದೇ ಕಿಟಕಿ, ಅಲ್ಲಿ ಅತ್ತೆ ಕುರ್ಚಿ ಸರಿಸಿ ತನ್ನ ಹೊಲಿಗೆ ಮಿಷನ್ ಇಟ್ಲು. ಅತ್ತೆ ಅಂದ್ರೆ ಸಾಮಾನ್ಯದೋರಾ? ಆಸ್ಪತ್ರೇಲಿ ಮೂವತ್ತೈದು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ. ಇಡೀ ಬೀದಿನ ಭೂಮಿಗೆ ತಂದೋರು. ಡಾಕ್ಟರ್ ಹೇಳಿದ್ದೂ ಕೇಳ್ದೋರಲ್ಲ, ಇನ್ನು ಸೊಸೆ ಮಾತು ಕೇಳ್ತಾರಾ?

"ಅವತ್ತು ನನ್ನ ಹತ್ರ ಉಳಿದಿದ್ದು ಒಂದೇ ಸೈಕಲ್ಲು. ಅಗೋ, ಮೂಲೇಲಿ ಕಾಣ್ತಿದೆಯಲ್ಲ ಖಾಲಿ ಸ್ಟ್ಯಾಂಡು, ಅಲ್ಲಿರುತ್ತೆ, ಇಬ್ರು ತುಳಿಯೋದು, ಹಿಂದೊಂದು ಸೀಟು ಮುಂದೊಂದು ಸೀಟು. ಅತ್ತೆ ಮುಂದೆ, ಸೊಸೆ ಹಿಂದೆ. ಮಾತಿಲ್ಲದೆ ಆ ಸೈಕಲ್ ಹೊಡೆಯೋಕಾಗುತ್ತಾ ನೀವೇ ಹೇಳಿ? ಇಳಿಜಾರಲ್ಲಿ ಸೊಸೆ, 'ಮುಂದೆ ಕೂತೋರಿಗೆ ಬ್ರೇಕ್ ಹಿಡಿಯೋಕೆ ಹೇಳಪ್ಪ ಸೈಕಲ್ಲೇ!' ಅಂತಾಳೆ. ಏರಲ್ಲಿ ಅತ್ತೆ, 'ಹಿಂದೆ ಕೂತೋರು ಪೆಡಲ್ ಮೇಲೆ ಕಾಲಿಟ್ಟು ಫೋಟೋಗೆ ಕೂತಿದ್ದಾರೇನೋ ಸೈಕಲ್ಲೇ!' ಅಂತಾರೆ. ಕೆರೆ ಸುತ್ತ ಹೀಗೇ ಒಂಬತ್ತು ಕಿಲೋಮೀಟ್ರು... ಪಾಪ ಆ ಸೈಕಲ್ಲು.

"ಮಾರನೇ ದಿನ ಅತ್ತೆಗೆ ಮೈಕೈ ನೋವು, ರೂಮಲ್ಲೇ ಮಲಗಿದ್ರು. ಸೊಸೆ ಒಬ್ಳೇ ದಡಕ್ಕೆ ಬಂದ್ಲು. ಈಜು ಬರಲ್ಲ, ನೀರು ಕಂಡ್ರೆ ಭಯ. ಆದ್ರೆ ಬಿಸಿಲು ಹೇಗಿತ್ತು ಅಂತೀರಿ... ತಳದ ಕಲ್ಲುಗಳನ್ನ ಒಂದೊಂದಾಗಿ ಎಣಿಸ್ಬೋದಿತ್ತು, ಹಿಮದ ಬೆಟ್ಟ ತಲೆಕೆಳಗಾಗಿ ನೀರಲ್ಲಿ ನಿಂತಿತ್ತು. ಮೊಣಕಾಲು ಮುಳುಗೋಷ್ಟು ಹೋಗಿ ನಿಂತಿದ್ದಾಗ ಹಿಂದಿನಿಂದ ಒಂದು ಸಿಳ್ಳೆ. ಎರಡು ಬೆರಳು ಬಾಯಲ್ಲಿಟ್ಟು ಹೊಡೀತಾರಲ್ಲ, ಅಂಥದ್ದು. ತಿರುಗಿ ನೋಡಿದ್ರೆ ಕೆಂಪು ಟೋಪಿ ಹಾಕ್ಕೊಂಡ ಮುದುಕಿ, ಬೆಲ್ಟಿನಂಥ ತೆಳು ಮೈ. 'ಏನೇ ಅದು, ಕೊಕ್ಕರೆ ಹಾಗೆ ನಿಂತಿದ್ದೀಯ? ಮಲಕ್ಕೋ!' ಅಂದ್ಲಂತೆ.

"'ಎಲ್ಲಿ ಮಲಗ್ಲಿ?'

"'ನೀರಿನ ಮೇಲೆ. ಬೆನ್ನ ಕೆಳಗೆ ನನ್ನ ಕೈಯಿದೆ. ಕಿವಿ ನೆನೀಬೇಕು, ಕಣ್ಣು ಆಕಾಶ ನೋಡ್ಬೇಕು. ಕಿವಿ ನೆನೆಯೋಕೆ ಬಿಡದೋರೆಲ್ಲ ಮುಳುಗೋದು.'

"ಮಧ್ಯಾಹ್ನದವರೆಗೂ ಪಾಠ. ಬೈಗುಳವೋ ಬೈಗುಳ! 'ಕಾಲಾ ಅದು, ಒನಕೆನಾ?' 'ಉಸಿರನ್ನ ಯಾರಿಗೆ ಉಳಿಸಿಟ್ಟಿದ್ದೀಯ, ಬಿಡು!' ಸೊಸೆ ನಕ್ಕು ನಕ್ಕು ನೀರು ಕುಡಿದ್ಲು. ಮಿಷನ್ ತುಳಿದು ತುಳಿದು ಕಾಲಿಗೆ ಶಕ್ತಿ ಇತ್ತಲ್ಲ, ಊಟದ ಹೊತ್ತಿಗೆ ಈ ಬಂಡೆಯಿಂದ ಆ ಬಂಡೆಗೆ ಈಜೇ ಬಿಟ್ಲು. ಮದುವೆ ಆದಾಗ್ಲೂ ಅಷ್ಟು ಖುಷಿ ಆಗಿರ್ಲಿಲ್ಲ ಅಜ್ಜ ಅಂತ ಆಮೇಲೆ ನನ್ನ ಹತ್ರ ಹೇಳಿದ್ಲು. ಇಬ್ರೂ ಬಂಡೆ ಹತ್ತಿ ಬಿಸಿಲಿಗೆ ಕೂತ್ರು. ಎದ್ದು ಹೊರಟಾಗ ಮಾತ್ರ ಒಂದು ನೋಡಿದ್ಲಂತೆ... ಬಂಡೆ ಮೇಲೆ ಒದ್ದೆ ಹೆಜ್ಜೆ ಒಂದೇ ಜೊತೆ. ಅವಳದ್ದು."

ಅಜ್ಜ ಎದ್ದು ಚಹಾ ಸೋಸಿದ. ಲೋಟಗಳು ಕೈಯಿಂದ ಕೈಗೆ ಹೋದವು. ತಗಡಿನ ಮೇಲೆ ಮಳೆಯ ಸದ್ದು ಸ್ವಲ್ಪ ತಗ್ಗಿತ್ತು. ಗುಮಾಸ್ತೆ ತನ್ನ ಸ್ಟೂಲನ್ನು ಬಾಗಿಲಿನಿಂದ ಒಳಕ್ಕೆ ಎಳೆದುಕೊಂಡಳು.

"ಬಿಸಿಲಿಗೆ ಹೆಜ್ಜೆ ಒಣಗಿರುತ್ತೆ ಅಂದ್ಕೊಂಡು ಅವಳು ಸುಮ್ಮನಾದ್ಲು. ಮೂರನೇ ದಿನ ಅತ್ತೆ ಗಟ್ಟಿಯಾದ್ರು. ಇಬ್ರೂ ಬೆಟ್ಟ ಹತ್ತಿ ಮೇಲಿನ ಕೆರೆಗೆ ಹೋದ್ರು. ಮೂರು ಗಂಟೆ ದಾರಿ, ಬಾಯಿಗೆ ಬೀಗ. ಅಲ್ಲಿ ಯಾರಿದ್ದಾರೆ? ಹಕ್ಕಿನೂ ಇಲ್ಲ. ಹಿಮ ಕರಗಿ ಇಳಿದ ನೀರು, ಕೈ ಇಟ್ರೆ ಕಚ್ಚುತ್ತೆ. ಅತ್ತೆ ಚಿಕ್ಕಂದಿನಲ್ಲಿ ಹೊಳೆಯಲ್ಲಿ ಈಜಿದೋರು. ಸೊಸೆ ಮುಂದೆ ತೋರಿಸ್ಬೇಕಲ್ಲ! ಸರಸರ ಅಂತ ಕೆರೆ ಮಧ್ಯಕ್ಕೇ ಹೋದ್ರು. ಹೋದ್ರು... ನಿಂತ್ರು. ಮೀನಖಂಡ ಹಿಡ್ಕೊಂಡಿತ್ತು. ಒಂದ್ಸಲ ಮುಳುಗಿ ಎದ್ರು. ಕೂಗಲಿಲ್ಲ ನೋಡಿ! ಸೊಸೆನ ಸಹಾಯ ಕೇಳೋದಕ್ಕಿಂತ ಮುಳುಗೋದೇ ಮೇಲು ಅನ್ನೋ ಜಾತಿ. ಎರಡನೇ ಸಲ ಮುಳುಗಿದ್ರು.

"ಸೊಸೆ ದಡದಲ್ಲಿ ಕಲ್ಲಾಗಿ ನಿಂತಿದ್ಲು. ಒಂದು ದಿನದ ಈಜು, ಆಳದ ನೀರು... ನಾನು ಹೋದ್ರೆ ಇಬ್ರೂ ಹೋಗ್ತೀವಿ ಅಂತ ಗೊತ್ತು. ನಾಲ್ಕು ತಿಂಗಳ ಸಿಟ್ಟು ಎಲ್ಲಿ ಹೋಯ್ತೋ, ಬಾಯಿಗೆ ಬಂದಿದ್ದು 'ಅತ್ತೇ' ಅನ್ನೋದೊಂದೇ. ಆಗ ಕೇಳಿಸ್ತು ಸಿಳ್ಳೆ, ಕಿವಿ ಪಕ್ಕದಲ್ಲೇ. 'ಕೊಕ್ಕರೆ! ಯಾಕೆ ನಿಂತಿದ್ದೀಯ?'

"ಬಿದ್ಲು ನೀರಿಗೆ. ಮೈ ಕೆಳಗೆ ಅದೇ ಕೈ ಇತ್ತು ಅಂತಾಳೆ. ಆ ಚಳಿ ನೀರಲ್ಲಿ ಆಗ ತಾನೆ ಇಸ್ತ್ರಿ ಮಾಡಿದ ಬಟ್ಟೆ ಹಾಗೆ ಬೆಚ್ಚಗಿತ್ತಂತೆ. ಅತ್ತೆ ಹತ್ರ ಹೋಗಿದ್ದೇ ತಡ, ಅವರು ಇವಳ ಕುತ್ತಿಗೆ ಹಿಡಿಯೋಕೆ ಬಂದ್ರು. ಇವಳು ಗದರಿಸಿದ್ಲು, 'ಕೈ ಬಿಡಿ! ಕಿವಿ ನೆನೀಲಿ, ಆಕಾಶ ನೋಡಿ!' ಅಂತ. ಡಾಕ್ಟರ್ ಮಾತು ಕೇಳದ ನರ್ಸಮ್ಮ... ಕೇಳಿದ್ರು. ಅಂಗಾತ ಮಲಗಿದ್ರು. ಇವಳು ಅವರ ಗದ್ದ ಹಿಡಿದು ಕಾಲು ಬಡೀತಾ ಬಡೀತಾ ದಡಕ್ಕೆ ಎಳೆದು ತಂದ್ಲು.

"ದಡದಲ್ಲಿ ಒಂದೇ ಟವೆಲ್ಲಲ್ಲಿ ಇಬ್ರೂ ಸುತ್ಕೊಂಡು ನಡುಗ್ತಾ ಕೂತಿದ್ದಾಗ ಅತ್ತೆ ಕೇಳಿದ್ರು, 'ನಿನಗೆ ಈಜು ಯಾವಾಗ ಬಂತೇ?'

"'ನಿನ್ನೆ ಅತ್ತೆ.'

"ಅತ್ತೆಗೆ ನಗು ಬಂತು ನೋಡಿ, ಇವಳಿಗೂ ಬಂತು. ಬೆಟ್ಟ ಇಳಿಯೋವರೆಗೂ ನಕ್ರಂತೆ, ಕೂತು ಕೂತು ನಕ್ರಂತೆ. ಕಿಟಕಿ ವಿಚಾರ ದಾರೀಲೇ ತೀರ್ಮಾನ ಆಯ್ತು. ಬೆಳಿಗ್ಗೆ ಮಿಷನ್ನು, ಮಧ್ಯಾಹ್ನ ಕುರ್ಚಿ.

"ಸಂಜೆ ನೇರ ನನ್ನ ಹತ್ರ ಬಂದ್ರು. 'ಕೆಂಪು ಟೋಪಿ ಟೀಚರ್ ಮನೆ ಎಲ್ಲಿ ಅಜ್ಜ, ಕೈ ಮುಗಿದು ಹೋಗ್ತೀವಿ' ಅಂತ. ನಾನು ಸ್ಪ್ಯಾನರ್ ಕೆಳಗಿಟ್ಟೆ. ಸಿಳ್ಳೆ ಟೀಚರ್ ಸತ್ತು ಆಗ್ಲೇ ಹನ್ನೊಂದು ವರ್ಷ! ನಲವತ್ತು ವರ್ಷ ಇಲ್ಲಿ ಈಜು ಕಲಿಸಿದೋಳು. ಈ ಊರಲ್ಲಿ ಅವಳ ಹತ್ರ ಕಲೀದೇ ಇದ್ದಿದ್ದು ಮೀನುಗಳು ಮಾತ್ರ. ನೀರಲ್ಲಿ ಸತ್ತೋರು ದೆವ್ವ ಆಗ್ತಾರೆ ಅಂತಾರಲ್ಲ, ಇವಳು ಉಲ್ಟಾ. ಕೆರೆ ಹೆಪ್ಪುಗಟ್ಟಿದ್ದ ಚಳಿಗಾಲದಲ್ಲಿ, ಎಂಬತ್ತೊಂದನೇ ವಯಸ್ಸಲ್ಲಿ, ಮೂರು ಕಂಬಳಿ ಹೊದ್ದು ಹಾಸಿಗೆಯಲ್ಲಿ ಸತ್ಲು. ಅಷ್ಟು ಒಣಗಿದ ಸಾವು ಅವಳಿಗೆ ಒಗ್ಗಲಿಲ್ಲ.

"ನಾನು ಹೇಳಿದ್ದು ಕೇಳಿ ಸೊಸೆ ಬಿಳಿಚಿಕೊಂಡ್ಲು. ಅತ್ತೆ ಏನಂದ್ರು ಗೊತ್ತಾ? 'ಸತ್ತ ಮೇಲೂ ಡ್ಯೂಟಿಗೆ ಬರ್ತಾರಲ್ಲ, ಅದು ಕೆಲಸ ಅಂದ್ರೆ! ನಾನೇ ದಡ್ಡಿ, ಹೇಳಿದ ತಕ್ಷಣ ರಿಟೈರ್ ಆದೆ.'

"ಅಲ್ಲಿಂದಾಚೆಗೆ ಒಂದು ವರ್ಷನೂ ತಪ್ಪಿಸ್ಲಿಲ್ಲ ಅವರು. ಬೇಸಿಗೆ ಬಂತು ಅಂದ್ರೆ ಅತ್ತೆ ಸೊಸೆ ಹಾಜರು. ಸೈಕಲ್ ಮೇಲೆ ಜಗಳ, ನೀರಲ್ಲಿ ಜಗಳ, ಬೆಟ್ಟ ಹತ್ತುತ್ತಾ ಜಗಳ, ಎಲ್ಲಾ ಬಾಯಿತುಂಬ, ಕೇಳೋಕೆ ಎರಡು ಕಿವಿ ಸಾಲ್ದು. ಮೊಮ್ಮಗಳು ಹುಟ್ಟಿದ್ಮೇಲೆ ಅವಳನ್ನೂ ಕರ್ಕೊಂಡು ಬರ್ತಿದ್ರು. ಹೋದ ಚಳಿಗಾಲ ಕಾಗದ ಬಂತು... ಅತ್ತೆ ಹೋಗಿಬಿಟ್ರು. ಎಪ್ಪತ್ತೈದು ತುಂಬಿತ್ತು. ಹಾಸಿಗೆಯಲ್ಲೇ, ನಿದ್ದೆಯಲ್ಲೇ."

ಅಜ್ಜ ಖಾಲಿ ಲೋಟಗಳನ್ನು ಒಟ್ಟು ಮಾಡಿದ. ಗುಮಾಸ್ತೆ ಮೆಲ್ಲಗೆ ಕೇಳಿದಳು, "ಆ ಸೊಸೆ ಆಮೇಲೆ ಬರಲೇ ಇಲ್ವಾ ಅಜ್ಜ?"

"ಯಾಕೆ ಬರಲ್ಲ? ನಿನ್ನೆ ಬಂದ್ಲಲ್ಲ, ಒಬ್ಳೇ. ಮಗಳಿಗೆ ಪರೀಕ್ಷೆ. ಇವತ್ತು ಮಧ್ಯಾಹ್ನ, ಮಳೆಗೆ ಮುಂಚೆ, ಇಲ್ಲಿಗೆ ಬಂದ್ಲು. ಒಬ್ರು ತುಳಿಯೋ ಸೈಕಲ್ಲು ಸಾಲಾಗಿ ನಿಂತಿದ್ವು, ಆದ್ರೂ ಇಬ್ಬರದ್ದೇ ಬೇಕು ಅಂದ್ಲು. ಕೊಟ್ಟೆ. ಹಿಂದಿನ ಸೀಟಲ್ಲಿ ಕೂತ್ಲು ಕಣ್ರೀ... ಮುಂದಿನದು ಖಾಲಿ. ಬೀಳ್ತೀಯಮ್ಮ ಅಂತ ಕೂಗೋಷ್ಟರಲ್ಲಿ ಸೈಕಲ್ಲು ನೆಟ್ಟಗೆ ಹೋಯ್ತು, ತಿರುವಲ್ಲಿ ಗಂಟೆನೂ ಹೊಡೀತು."

ಅಜ್ಜ ಎದ್ದು ಹೋಗಿ ಕಿಟಕಿಯ ಗಾಜಿನ ಮೇಲಿನ ಹಬೆಯನ್ನು ಅಂಗೈಯಿಂದ ಒರೆಸಿದ. ಎಲ್ಲರೂ ಅವನ ಹಿಂದೆ ಗುಂಪಾದರು. ಮಳೆ ಹನಿಗಳು ಕುಣಿಯುತ್ತಿದ್ದ ನೀರಿನಲ್ಲಿ, ದಡದಿಂದ ಸಾಕಷ್ಟು ದೂರದಲ್ಲಿ, ಯಾರೋ ಆರಾಮವಾಗಿ ಅಂಗಾತ ತೇಲುತ್ತಿದ್ದರು.

"ಅವಳೇ. ಎಷ್ಟು ತಲೆ ಕಾಣ್ತಿದೆ ನಿಮಗೆ? ಒಂದು ತಾನೆ? ನನಗೂ ಒಂದೇ." ಅವನು ಕಿಟಕಿಯ ಚಿಲಕ ತೆಗೆದ. "ಈಗ ಸ್ವಲ್ಪ ಉಸಿರು ಹಿಡ್ಕೊಳ್ಳಿ... ನಗು ಎಷ್ಟು ಜನರದ್ದು ಅಂತ ಎಣಿಸಿ ನೋಡಿ."