ಗ್ಯಾಸ್ ಬುಕಿಂಗ್ ಹೆಸರಿನ ನಂಬರಿನ ಬಗ್ಗೆ

ಹೆಸರು: ಮೈತ್ರಿ, ತಂದೆ ದಿವಂಗತ ನಂಜುಂಡಯ್ಯ. ವಯಸ್ಸು: 46 ವರ್ಷ. ಕೆಲಸ: ಮತದಾರ ಮಹಿಳೆಯರಿಗಾಗಿ ಇರುವ ಒಂದು ಸಣ್ಣ ಸಂಸ್ಥೆಯಲ್ಲಿ ಸಂಯೋಜಕಿ. ವಾಸ: ಒಂಟಿಕೊಪ್ಪಲ್, ಮೈಸೂರು ನಗರ.

ಠಾಣೆಗೆ ಹಾಜರಾಗಿ ನಾನಾಗಿಯೇ ಹೇಳಿ ಬರೆಸುತ್ತಿರುವುದೇನೆಂದರೆ, ಮೇಲ್ಕಂಡ ವಿಳಾಸದಲ್ಲಿ ನಾನು ಒಬ್ಬಳೇ ವಾಸವಾಗಿದ್ದೇನೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಆದರೂ ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಳ್ಳಬೇಕೆಂದು ಕೇಳಿದ್ದೇನೆ. ಹೊರಗೆ ಬೆಂಚಿನ ಮೇಲೆ ಕುಳಿತಿರುವ ದೂರುದಾರ ವಸಂತ್ ಅವರು ಇದನ್ನು ಓದುವಂತಿರಬೇಕು.

ನಮ್ಮ ಸಂಸ್ಥೆಯು ಎರಡು ವರ್ಷಗಳಿಂದ ಉದಯಗಿರಿಯಲ್ಲಿ ಒಂದು ಫೋನ್ ಸೇವೆ ನಡೆಸುತ್ತಿದೆ. ಹೆಂಗಸರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಕರೆ ತಾನಾಗಿ ಕಟ್ಟಾಗಿ, ಅರ್ಧ ನಿಮಿಷದೊಳಗೆ ನಮ್ಮ ಯಂತ್ರದಿಂದ ಮರಳಿ ಕರೆ ಹೋಗುತ್ತದೆ. ನಲ್ಲಿ ನೀರು, ರೇಷನ್, ಮತದಾರರ ಪಟ್ಟಿ, ಯಾವುದರ ಬಗ್ಗೆ ಬೇಕಾದರೂ ಎರಡು ನಿಮಿಷ ಮಾತಾಡಿ ಇಡಬಹುದು. ಹೆಸರು ಕೇಳುವುದಿಲ್ಲ. ಸಭೆಗೆ ಬರಲಾಗದ ಮುಸ್ಲಿಂ ಹೆಂಗಸರು, ಬೌದ್ಧ ಕುಟುಂಬದವರು, ಹಳ್ಳಿಗಳಿಂದ ಬಂದು ನೆಲೆಸಿದವರು ಇದರಲ್ಲಿ ಮಾತಾಡುತ್ತಾರೆ. ತಾವು ಹೇಳಿದ್ದು ಸರಿಯಾಗಿ ದಾಖಲಾಗಿದೆಯೇ ಎಂದು ಅವರು ಪದೇ ಪದೇ ಕೇಳುತ್ತಿದ್ದುದರಿಂದ, ಒಂದನ್ನು ಒತ್ತಿದರೆ ಅವರ ಕೊನೆಯ ಮಾತು ಅವರಿಗೇ ಕೇಳಿಸುವಂತೆ ಮಾಡಿದ್ದೆವು.

ಯಂತ್ರದಲ್ಲಿ ಸೂಚನೆ ಹೇಳುವ ದನಿ ನನ್ನದು. ಹೊಲಿಗೆ ಕೆಲಸ ಮಾಡುವ ಧರಣಿ, 31 ವರ್ಷ, ಬೀದಿಯ ಹೆಂಗಸರನ್ನು ಈ ಸೇವೆಗೆ ಸೇರಿಸುತ್ತಿದ್ದವರು. ಅವರು ಮೊದಲ ದಿನ ಅದನ್ನು ಕೇಳಿ, ಅಕ್ಕ ನೀವು ಮಾತಾಡೋದು ಗ್ಯಾಸ್ ಕಂಪ್ನಿಯೋರು ಮಾತಾಡ್ದಂಗೇ ಅದೆ ಕಣಕ್ಕ ಎಂದು ನಕ್ಕರು. ಆ ನಗೆಯಿಂದಲೇ ಎಲ್ಲರೂ ನಂಬರನ್ನು 'ಗ್ಯಾಸ್ ಬುಕಿಂಗ್' ಎಂಬ ಹೆಸರಿನಲ್ಲಿ ಇಟ್ಟುಕೊಂಡರು. ಮನೆಯವರು ಫೋನ್ ನೋಡಿದರೂ ಯಾರದೆಂದು ಕೇಳುವುದಿಲ್ಲ. ಇದು ಜಾಣತನವೆಂದು ನಾನೂ ಮೆಚ್ಚಿದೆ. ಮನೆ ಎಂದಮೇಲೆ ಸಿಲಿಂಡರ್ ಮುಗಿಯುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ನನ್ನೊಬ್ಬಳಿಗೆ ಒಂದು ಸಿಲಿಂಡರ್ ಐದು ತಿಂಗಳು ಬರುತ್ತದೆ.

ದಿನಾಂಕ 6.11.2025ರಂದು ಧರಣಿ ಒಂದು ಮಾತು ದಾಖಲಿಸಿದರು. ಮತದಾರರ ಚೀಟಿಯಲ್ಲಿ ಹೆಸರು ಸರಿಮಾಡಿಸಿ ಕೊಡ್ತೀವಿ ಅಂತ ನಮ್ಮನೆಯೋರೇ ಬೀದಿ ಹೆಂಗಸ್ರ ಕಾರ್ಡೆಲ್ಲ ಇಸ್ಕಂಡೋಗಿ ಏರಿಯಾ ಲೀಡರ್ ಮನೇಲಿ ಮಡುಗ್ಬುಟ್ಟವ್ರೆ, ನಂದೂ ಅಲ್ಲೇ ಅದೆ, ಕೇಳುದ್ರೆ ನಿಂಗ್ಯಾಕೆ ಅಂತಾರೆ, ನಂದು ನಂಗ್ಯಾಕೆ ಅಂತ ನಾನ್ ಯಾರ್ಗೆ ಏಳ್ಲಿ ಎಂಬುದು ಆ ಮಾತು. ಕೊನೆಯಲ್ಲಿ, ಇದ ಕೇಳುಸ್ಕಳೋರು ಯಾರಾರ ಅವ್ರಾ, ಬರೀ ಮಿಷನ್ನಾ ಎಂದು ಕೇಳಿದ್ದಾರೆ. ಅದೇ ಸಂಜೆ ನಾನು ಅದನ್ನು ಮನೆಯಲ್ಲಿ ಕುಳಿತು ಕೇಳಿದೆ. ಉತ್ತರ ಕೊಡುವ ಸೌಲಭ್ಯ ಸೇವೆಯಲ್ಲಿ ಇಲ್ಲ. ಆದರೆ ಧರಣಿಯವರ ಮನೆ ನನಗೆ ಗೊತ್ತಿತ್ತು. ಹೋಗಬಹುದಿತ್ತು. ಹೋಗಲಿಲ್ಲ, ಹೋದರೆ ಮಾತು ಯಾರದೆಂದು ಬಯಲಾದೀತು ಎಂದುಕೊಂಡೆ. ಅದೇ ನಿಜವಾದ ಕಾರಣವೇ ಎಂದು ಈಗ ಖಚಿತವಾಗಿ ಹೇಳಲಾರೆ.

9ನೇ ತಾರೀಖು ಭಾನುವಾರ ಬೆಳಿಗ್ಗೆ 11.20ಕ್ಕೆ ಅವರ ಮನೆಯಲ್ಲಿ ಅಡುಗೆ ಅರ್ಧಕ್ಕೆ ನಿಂತಿತು. ಧರಣಿ ಪಕ್ಕದ ಮನೆಗೆ ಸ್ಟೌ ಕೇಳಲು ಹೋಗಿದ್ದರು. ಅವರ ಗಂಡ, ಸ್ಕೂಟರ್ ಮೆಕ್ಯಾನಿಕ್ ವಸಂತ್, ಸಹಾಯವಾಗಲಿ ಎಂದು ಹೆಂಡತಿಯ ಫೋನಿನಿಂದ 'ಗ್ಯಾಸ್ ಬುಕಿಂಗ್'ಗೆ ಕರೆ ಮಾಡಿದರು. ಕರೆ ಕಟ್ಟಾಯಿತು, ಮರಳಿ ಬಂತು. ನನ್ನ ದನಿ ಒಂದನ್ನು ಒತ್ತಿ ಎಂದಿತು. ಅವರು ಒತ್ತಿದರು. ಕೇಳಿಸಿದ್ದು ಹೆಂಡತಿಯ ಆ ಮಾತು.

ಮುಂದಿನದು ವಸಂತ್ ಅವರೇ ನನಗೆ ತಿಳಿಸಿದ್ದು. ಅವರು ಬೈಯಲಿಲ್ಲ, ಕೈ ಎತ್ತಲಿಲ್ಲ. ಲೀಡರ್ ಮನೆಗೆ ಹೋಗಿ ಹೆಂಡತಿಯ ಕಾರ್ಡ್ ಒಂದನ್ನು ಮಾತ್ರ ಇಸಿದುಕೊಂಡು ಬಂದು, ಹೊಲಿಗೆ ಮಿಷನ್ ಮೇಲೆ ಇಟ್ಟರು. ತಗ, ಇನ್ ಊರ್ಗೆಲ್ಲ ಏಳ್ಬೇಡ ಎಂದರು. ಮಿಕ್ಕೋರ್ದು ಎಂದು ಧರಣಿ ಕೇಳಿದ್ದಕ್ಕೆ, ಸಿಲಿಂಡರ್ ತರುತ್ತೇನೆಂದು ಹೊರಗೆ ಹೋದರು. ಸೋಮವಾರ ಬೆಳಿಗ್ಗೆ ಅವರು ಅಂಗಡಿಗೆ ಹೋದ ಮೇಲೆ ಧರಣಿ ಫೋನನ್ನು ಮನೆಯಲ್ಲೇ ಬಿಟ್ಟು, ಕಾರ್ಡ್ ತೆಗೆದುಕೊಂಡು ಹೋಗಿದ್ದಾರೆ.

11ರಂದು ವಸಂತ್ ಹೆಂಡತಿ ಕಾಣೆಯಾಗಿದ್ದಾರೆಂದು ಠಾಣೆಗೆ ದೂರು ಕೊಟ್ಟರು. ವಿಷಯ ತಿಳಿದು 12ರಂದು ನಾನು ಅವರ ಮನೆಗೆ ಹೋದೆ. ಧರಣಿಯವರ ಅತ್ತೆ ಪುಟ್ಟಲಿಂಗಮ್ಮನವರು ಬಾಗಿಲಲ್ಲೇ ನಿಲ್ಲಿಸಿ, ಗ್ಯಾಸ್ ಕಂಪ್ನಿಯೋರು ಬಂದ್ರು ಕಣ್ಲಾ ಎಂದು ಮಗನನ್ನು ಕೂಗಿದರು. ನನ್ನ ಕಡೆ ತಿರುಗಿ, ಒಲೆ ಅಚ್ಚುಸ್ತೀನಿ ಅಂದ್ಬುಟ್ಟು ಮನೆಗೇ ಬೆಂಕಿ ಮಡುಗ್ಬುಟ್ರಲ್ಲ ತಾಯಿ, ನಿಮ್ಮನೇಲಿ ಯಾರವ್ರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅದಕ್ಕೇ ಎಂದರು. ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು.

ಮನೆಗೆ ಬಂದು ಸೇವೆಯ ದಾಖಲೆ ನೋಡಿದಾಗ, ಧರಣಿ ಬಿಟ್ಟುಹೋದ ಫೋನಿನಿಂದ ಆ ಎರಡು ದಿನಗಳಲ್ಲಿ ಮತ್ತೆ ಮತ್ತೆ ಕರೆ ಬಂದಿರುವುದು ಕಂಡಿತು. ಪ್ರತಿ ಸಲವೂ ಒಂದನ್ನು ಒತ್ತಲಾಗಿದೆ. ಯಾವ ಮಾತನ್ನೂ ದಾಖಲಿಸಿಲ್ಲ. ವಸಂತ್ ಅವರನ್ನು ಫೋನಿನಲ್ಲಿ ಕೇಳಿದೆ. ಅವಳ ದನಿ ಅದೊಂದೇ ಇರೋದು ಮೇಡಂ, ಅದನ್ನ ಅಳುಸ್ಬೇಡಿ ಎಂದರು. ನಾನೂ ಅದನ್ನು ಅಷ್ಟೇ ಸಲ ಕೇಳಿರಬಹುದು ಎಂದು ಅವರಿಗೆ ಹೇಳಲಿಲ್ಲ.

14ರಂದು ಸಂಜೆ 6.10ಕ್ಕೆ ನಮಗೆ ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್ ಬಂತು. ಯಂತ್ರ ಮರಳಿ ಕರೆಯಿತು. ದಾಖಲಾದ ದನಿ ಧರಣಿಯವರದು. ನಾನ್ ಚೆನ್ನಾಗಿವ್ನಿ, ನಾನಾಗೇ ಬಂದಿವ್ನಿ, ಯಾರೂ ಕರ್ಕಂಡ್ ಬಂದಿಲ್ಲ, ಮಿಕ್ಕೋರ ಕಾರ್ಡ್ ಅವ್ರವ್ರ ಕೈಗ್ ಬಂದ್ ದಿನ ನಾನೂ ಬತ್ತೀನಿ ಅಂತ ಅವ್ರ್ಗೆ ಏಳಿ, ನಂಬರ್ ಮಾತ್ರ ಕೊಡ್ಬೇಡಿ ಎಂದಿದ್ದಾರೆ. ಆ ಮಾತನ್ನು ನಾನು ಈ ದಿನ ಅಧಿಕಾರಿಗಳಿಗೂ ವಸಂತ್ ಅವರಿಗೂ ಇಲ್ಲೇ ಕೇಳಿಸಿದ್ದೇನೆ. ಕೇಳಿದ ಮೇಲೆ ವಸಂತ್ ಅವರು ಎದ್ದು ಹೊರಗೆ ಹೋಗಿ ಕುಳಿತಿದ್ದಾರೆ.

ಅಧಿಕಾರಿಗಳು ನಂಬರ್ ಕೇಳಿದರು. ಕೊಟ್ಟಿಲ್ಲ. ಕಾನೂನಿನ ಪ್ರಕಾರ ಪಡೆಯುವ ದಾರಿ ಅವರಿಗಿದೆ ಎಂದು ನನಗೆ ತಿಳಿಸಿದ್ದಾರೆ. ಅದನ್ನು ಅರಿತೇ ಹೇಳುತ್ತಿದ್ದೇನೆ. ಧರಣಿ ವಯಸ್ಕರು, ತಾವಾಗಿ ಹೋದವರು. ಹುಡುಕಬೇಕಾದದ್ದು ಕಾರ್ಡುಗಳನ್ನು ಎಂದು ನನ್ನ ಕೋರಿಕೆ.

15ರಿಂದ, ಆ ನಂಬರಿನಿಂದ ಕರೆ ಬಂದರೆ ಯಂತ್ರಕ್ಕೆ ಹೋಗದೆ ನೇರವಾಗಿ ನನ್ನ ಫೋನಿಗೆ ಬರುವಂತೆ ಮಾಡಿದ್ದೇನೆ. ಇದುವರೆಗೆ ಬಂದಿಲ್ಲ. ಹೇಳಿಕೆ ಮುಗಿಯುವವರೆಗೆ ಫೋನ್ ಆಫ್ ಮಾಡಿ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಕ್ಷಮಿಸಿ, ಮಾಡಿಲ್ಲ. ಅದು ಮೇಜಿನ ಮೇಲೆ ಇದೆ.

ಮೇಲಿನದನ್ನು ನಾನೇ ಓದಿ ನೋಡಿದ್ದೇನೆ. ನನಗೆ ತಿಳಿದಷ್ಟೂ ನಿಜ. ಬಿಟ್ಟಿರುವುದು ಆ ನಂಬರ್ ಒಂದನ್ನೇ.

ಸ್ಥಳ: ಮೈಸೂರು
ದಿನಾಂಕ: 18.11.2025
ಸಹಿ: ಮೈತ್ರಿ